ತಾತ ಕೆಲಸ ಕಲಿತ ಕಾಗದ

ನಮ್ಮ ದೊಡ್ಡಪ್ಪನಿಗೆ ಬದುಕಿರುವವರಲ್ಲಿ ಅಂಥ ಆಸಕ್ತಿಯೇನೂ ಇಲ್ಲ. ಯಳಂದೂರಿನ ಅವರ ಮನೆಗೆ ಹೋದರೆ ಕಾಫಿ ಬರುತ್ತದೆ, ನಿಜ. ಆದರೆ ಅದಕ್ಕೆ ಮೊದಲು ನಿಮ್ಮ ಮುತ್ತಾತ ಯಾವ ಕಸುಬು ಮಾಡುತ್ತಿದ್ದ, ಅದನ್ನು ಯಾರ ಹತ್ತಿರ ಕಲಿತ ಎಂದು ಹೇಳಬೇಕು. ಗೊತ್ತಿಲ್ಲವೆಂದರೆ ಕಾಫಿಗೆ ಸಕ್ಕರೆ ಕಡಿಮೆಯಾಗುತ್ತದೆ!

ಯಳಂದೂರು, ಕೊಳ್ಳೇಗಾಲ, ಹನೂರು ರೂಟಿನಲ್ಲಿ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ನಿವೃತ್ತಿಯಾದ ಮರುವಾರವೇ, ತಮ್ಮ ತಾತ ಕೊಳ್ಳೇಗಾಲದಲ್ಲಿ ರೇಷ್ಮೆ ನೇಯ್ಗೆ ಕಲಿತದ್ದರ ದಾಖಲೆ ಹುಡುಕಲು ಹೊರಟರು. ಕಾರಣ ನನಗೊಬ್ಬನಿಗೇ ಗೊತ್ತು. ಇವರು ಹತ್ತು ವರ್ಷದವರಿದ್ದಾಗ ಆ ತಾತ ಮಗ್ಗದ ಗುಂಡಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಕೈಗೆ ಲಾಳಿ ಕೊಟ್ಟರಂತೆ. ನಾಲ್ಕನೆಯ ದಿನ ಇವರು ಓಡಿಹೋದರು. (ಒಮ್ಮೊಮ್ಮೆ ಎರಡನೆಯ ದಿನ ಎನ್ನುತ್ತಾರೆ. ನನ್ನ ಡೈರಿಯಲ್ಲಿ ಎರಡೂ ಇವೆ.) ತಾತ ಬೈಯಲಿಲ್ಲ. ಮತ್ತೆ ಕರೆಯಲೂ ಇಲ್ಲ.

"ಇವ್ನ ಕೈಲಾಗಕಿಲ್ಲ ಅಂತ ಬುಟ್ಬುಟ್ಟ ಕಣ್ಲಾ ನನ್ನ," ಎನ್ನುತ್ತಿದ್ದರು. ಹಾಗೆ ಬಿಟ್ಟ ಮಹಾನುಭಾವ ತಾನು ಅದೇನು ಅಷ್ಟು ಚೆನ್ನಾಗಿ ಕಲಿತಿದ್ದ, ನೋಡಿಯೇ ಬಿಡಬೇಕಂತೆ. ಐವತ್ತು ವರ್ಷ ಆರದ ಕೋಪಕ್ಕೆ ಏನೆನ್ನುತ್ತೀರಿ?

ಮೊದಲು ಮೈಸೂರಿನ ದಾಖಲೆಗಳ ಕಚೇರಿ. ಮೂರು ತಿಂಗಳು ಓಡಾಡಿದ ಮೇಲೆ ಅಲ್ಲಿನ ಗುಮಾಸ್ತರೊಬ್ಬರು ಕನಿಕರಪಟ್ಟು, ಆ ಕಾಲದಲ್ಲಿ ಯಳಂದೂರು ಮೈಸೂರು ಮಹಾರಾಜರ ಸೀಮೆ, ಕೊಳ್ಳೇಗಾಲ ಬ್ರಿಟಿಷರ ಕೊಯಮತ್ತೂರು ಜಿಲ್ಲೆ ಎಂದು ತಿಳಿಹೇಳಿದರು. ಮೂವತ್ತು ವರ್ಷ ಈ ಎರಡು ಊರಿಗೆ ಒಂದೇ ಟಿಕೆಟ್ ಹರಿದವರಿಗೆ ಹೇಗಾಗಿರಬೇಡ! ಸಂಜೆ ಮನೆಗೆ ಬಂದವರೇ ಗಂಭೀರವಾಗಿ ಹೇಳಿದರು: "ನಮ್ ತಾತ ಫಾರಿನ್‌ನಲ್ಲಿ ಓದ್ದೋನು ಕಣ್ಲಾ."

ಸರಿ, ಕೊಯಮತ್ತೂರಿಗೆ ಹೊರಟಿತು ಸವಾರಿ. ದೊಡ್ಡಪ್ಪನ ತಮಿಳು ಹನೂರಿನ ಕಡೆಯ ಪ್ರಯಾಣಿಕರಿಂದ ಕಲಿತದ್ದು. ಹತ್ತಿ, ಇಳಿಯಿರಿ, ಚಿಲ್ಲರೆ ಕೊಡಿ, ಇಷ್ಟೇ. ಅಷ್ಟರಲ್ಲೇ ಕಚೇರಿಯ ಸಾಲನ್ನೆಲ್ಲ ಮುಂದಕ್ಕೆ ಸರಿಸಿ ಒಂದು ಕಟ್ಟು ತೆಗೆಸಿದರು. ಅದರಲ್ಲಿದ್ದದ್ದು ಬಂಡಳ್ಳಿಯ ಯಾರದೋ ಎಮ್ಮೆಯ ತಕರಾರು! ಕೊನೆಯ ಹಾಳೆ ಗೆದ್ದಲು ತಿಂದಿತ್ತು. ಎಮ್ಮೆ ಯಾರ ಪಾಲಾಯಿತೆಂದು ತಿಳಿಯದೆ ದೊಡ್ಡಪ್ಪನಿಗೆ ಎರಡು ದಿನ ಊಟ ಸೇರಲಿಲ್ಲ.

ಕಾಗದ ಕೊನೆಗೆ ಸಿಕ್ಕಿದ್ದು ಎಲ್ಲಿ? ಕೊಳ್ಳೇಗಾಲದಲ್ಲೇ, ಅವರು ಮೂವತ್ತು ವರ್ಷ ಟೀ ಕುಡಿದ ಅಂಗಡಿಯ ಹಿಂದಿನ ಬೀದಿಯಲ್ಲಿ! ತಾತನಿಗೆ ಕೆಲಸ ಕಲಿಸಿದ ನೇಕಾರರ ವಂಶದ ಮನೆ ಅದು. ಅಟ್ಟದ ಪೆಟ್ಟಿಗೆಯಲ್ಲಿ ಒಂದು ಹಳೆಯ ಛಾಪಾ ಕಾಗದ. ಮಗನನ್ನು ಮೂರು ವರ್ಷ ಮಗ್ಗದ ಕೆಲಸ ಕಲಿಯಲು ಬಿಟ್ಟಿದ್ದೇನೆಂದು ತಾತನ ಅಪ್ಪ ಹೆಬ್ಬೆಟ್ಟು ಒತ್ತಿದ್ದರು. ಬರಹ ತಮಿಳು. ಸತ್ಯಮಂಗಲದ ಕಡೆಯಿಂದ ಬಂದ ಆ ಮನೆಯ ಸೊಸೆ ಓದಿ ಹೇಳತೊಡಗಿದರು. ಕಾಗದದ ಹಿಂಬದಿಯಲ್ಲಿ ಗುರುಗಳು ಬೇರೆ ಬೇರೆ ದಿನ ಗೀಚಿಟ್ಟ ಸಾಲುಗಳಿದ್ದವು.

"ಹುಡ್ಗ ಯಳಂದೂರ್‌ಗೆ ಓಡೋದ. ಅಪ್ಪ ಎಳ್ಕಂಡು ಬಂದ."

ದೊಡ್ಡಪ್ಪ ತೊಡೆ ತಟ್ಟಿಕೊಂಡು ನಕ್ಕರು. ಕಳ್ಳ ಸಿಕ್ಕಿಬಿದ್ದ ಎನ್ನುವ ಸಂಭ್ರಮ. ಎರಡನೆಯ ಸಾಲೂ ಅದೇ. ನಕ್ಕರು. ಮೂರನೆಯದಕ್ಕೆ ನಗು ಸಣ್ಣದಾಯಿತು. ನಾಲ್ಕನೆಯದಕ್ಕೆ ಕನ್ನಡಕ ತೆಗೆದರು.

"ಐದ್ನೇ ಸಲ ಕೈ ಕಟ್ಟಿ ಕರ್ಕ ಬಂದ್ರು ಅಂತ ಬರ್ದದೆ, ಅಣ್ಣ," ಎಂದರು ಆಕೆ.

ಮುಂದೆ ಏನೂ ಬರೆದಿರಲಿಲ್ಲ. ಪೂರ್ತಿ ಕಲಿತನೆಂದು ಎಲ್ಲಾದರೂ ಇದೆಯೇ ಎಂದು ನಾನು ಕೇಳಿದೆ. ಆಕೆ ಕಾಗದ ತಿರುಗಿಸಿ ನೋಡಿ, ಇಲ್ಲವೆಂದರು. ದೊಡ್ಡಪ್ಪನಿಗೆ ಅದು ಬೇಕಾಗಿಯೂ ಇರಲಿಲ್ಲ. ಐದನೆಯ ಸಾಲನ್ನೇ ಇನ್ನೊಮ್ಮೆ ಓದಿಸಿಕೊಂಡರು.

ಆಮೇಲೆ ನನ್ನ ಕಡೆ ನೋಡದೆ ಹೇಳಿದರು: "ನಾನ್ ಓಡೋದ ದಿನ ತಾತ ಬಾಗ್ಲಲ್ಲೇ ನಿಂತಿದ್ದ ಕಣ್ಲಾ. ನನ್ನ ನೋಡ್ದ. ನೋಡ್ಬುಟ್ಟು, ಪಕ್ಕಕ್ ಸರ್ಕಂಡ."

ಇದನ್ನು ಅವರು ಹಿಂದೆಂದೂ ಹೇಳಿರಲಿಲ್ಲ. ನಿಜವಾಗಿ ನೆನಪಾದದ್ದೋ, ಆ ಕಾಗದ ಆಗತಾನೆ ಕೊಟ್ಟ ನೆನಪೋ, ನಾನು ಕೇಳಲಿಲ್ಲ.