ಹಡಗು ಸಿಕ್ಕಿಕೊಂಡ ದಿನ

ಕಾಫಿ ಅಂಗಡಿಯವನಿಗೆ ಬೀದಿಯವರು ಇಟ್ಟ ಹೆಸರು ಸಂಕೋಚಣ್ಣ. ಯಾರಾದರೂ ಮೂರನೆಯ ಚಮಚ ಸಕ್ಕರೆ ಕೇಳಿದರೂ ಇಲ್ಲವೆನ್ನಲು ಅವನಿಗೆ ಬಾಯಿ ಬಾರದು. ಅಂಥವನಿಗೆ ಒಂದು ಬೆಳಿಗ್ಗೆ ಕಾಫಿಯ ಬೆಲೆ ಏರಿಸುವ ಸಂಕಟ ಬಂತು.

ಎಲ್ಲೋ ದೂರದ ಕಾಲುವೆಯಲ್ಲಿ ಒಂದು ಹಡಗು, ಬಾಗಿಲಲ್ಲಿ ಸಿಕ್ಕಿಕೊಂಡ ಮಂಚದ ಹಾಗೆ ಅಡ್ಡಡ್ಡ ನಿಂತುಬಿಟ್ಟಿತ್ತು. ಸಕ್ಕರೆ ಹೊತ್ತ ಹಡಗುಗಳೆಲ್ಲ ಅದರ ಹಿಂದೆ ಸಾಲುಗಟ್ಟಿದ್ದವು. ಹಿಂದಿನ ದಿನವಷ್ಟೇ ಸಂಕೋಚಣ್ಣ ದುಬಾರಿ ಬೆಲೆಗೆ ಒಂದು ಮೂಟೆ ಸಕ್ಕರೆ ತಂದಿದ್ದ.

"ಬೋರ್ಡಲ್ಲಿ ಹತ್ತು ಅಳಿಸಿ ಹನ್ನೆರಡು ಬರೀರಿ," ಎಂದಳು ಹೆಂಡತಿ. "ಮಗಳು ಮುರಿದ ಕನ್ನಡಕಕ್ಕೆ ದಾರ ಕಟ್ಕೊಂಡು ಓದ್ತಿದ್ದಾಳೆ. ನಾಡಿದ್ದು ಪರೀಕ್ಷೆ. ಕನ್ನಡಕಕ್ಕೆ ಅಂತ ಇಟ್ಟಿರೋ ದುಡ್ಡನ್ನ ಮಾತ್ರ ಮುಟ್ಟಬೇಡಿ. ಸಂಜೆ ಹೋಗಿ ತನ್ನಿ."

ಬರೆದದ್ದೇನೋ ಬರೆದ. ಆದರೆ ಬಂದವರ ಮುಖ ನೋಡಿದರೆ ಕದ್ದು ಸಿಕ್ಕಿಬಿದ್ದವನಂತಾಗುತ್ತಿತ್ತು. ಅದಕ್ಕೇ ಒಬ್ಬೊಬ್ಬರಿಗೂ ಎರಡು ಲೋಟಗಳ ನಡುವೆ ಚಮಚ ಅಡ್ಡ ಇಟ್ಟು ಹಡಗಿನ ಕತೆ ವಿವರಿಸಿದ. ಇಷ್ಟು ಚೆನ್ನಾಗಿ ವಿವರಿಸಬಾರದಿತ್ತು, ಪಾಪ.

"ನಿನ್ನ ತಪ್ಪೇನಿದೆ ಅಣ್ಣ!" ಎಂದ ಕ್ಷೌರದವನು. "ದಿನಕ್ಕೆ ನಾಲ್ಕು ಕಾಫಿ ಕುಡಿಯೋನು ನಾನು. ನಾನೂ ಸ್ವಲ್ಪ ರೇಟು ಏರಿಸ್ಕೋತೀನಿ, ಸರಿಹೋಗುತ್ತೆ."

ಕ್ಷೌರ ಏರಿತೆಂದು ಚಪ್ಪಲಿ ಹೊಲಿಯುವವನೂ ಏರಿಸಿದ. ಮಧ್ಯಾಹ್ನ ಸಂಕೋಚಣ್ಣನ ಚಪ್ಪಲಿಯೇ ಕಿತ್ತುಹೋಗಬೇಕೆ! "ಹೊಸ ರೇಟು. ಹಡಗಿನ ವಿಷಯ ನಿಂಗೆ ಹೇಳಬೇಕಾ?" ಎಂದ ಅವನು. ಸಂಕೋಚಣ್ಣ ಹೌದು ಹೌದೆಂದು ತಲೆಯಾಡಿಸಿ ಕೊಟ್ಟು ಬಂದ.

ಮೂರು ಗಂಟೆಗೆ ಕ್ಷೌರದವನು ಕತ್ತರಿ ಹಿಡಿದುಕೊಂಡೇ ಓಡಿ ಬಂದ. "ಹಡಗು ಬಿಡಿಸಿದ್ರಂತೆ! ಇಳಿಸು ಬೆಲೆ!"

ಸಕ್ಕರೆ ತಂದದ್ದು ದುಬಾರಿಗೆ ಎಂದು ಹೇಳಲು ಸಂಕೋಚಣ್ಣ ಬಾಯಿ ತೆರೆಯುವಷ್ಟರಲ್ಲಿ, ಹಿಂದೆಯೇ ಬಂದ ಚಪ್ಪಲಿಯವನು ಬೋರ್ಡಿನ ಹನ್ನೆರಡನ್ನು ಒರೆಸಿ ಹತ್ತು ಬರೆದಾಗಿತ್ತು.

ಎಂದೂ ಇಲ್ಲದ ಧೈರ್ಯ ತಂದುಕೊಂಡು ಸಂಕೋಚಣ್ಣ ಕೇಳಿದ: "ಹಾಗಾದ್ರೆ ನೀವೂ ಇಳಿಸ್ತೀರಲ್ವಾ?"

"ನಾನು ಹೇಗೆ ಇಳಿಸಲಿ? ಚಪ್ಪಲಿ ರಿಪೇರಿ ಏರಿದೆಯಲ್ಲ!" ಎಂದ ಕ್ಷೌರದವನು.

"ಕ್ಷೌರ ಇಳಿಯದೆ ನಾನು ಹೇಗಪ್ಪಾ ಇಳಿಸಲಿ?" ಎಂದ ಚಪ್ಪಲಿಯವನು. ಇಬ್ಬರೂ ಹತ್ತರ ಕಾಫಿ ಕುಡಿದು ಸಮಾಧಾನದಿಂದ ಹೊರಟರು.

ಸಂಜೆ ಸಂಕೋಚಣ್ಣ ಮಗಳ ಕಣ್ಣಿನ ಚೀಟಿ ಹಿಡಿದು ಕನ್ನಡಕದ ಅಂಗಡಿಗೆ ಹೋದ. ಜೇಬಿನಲ್ಲಿ ಕನ್ನಡಕದ ದುಡ್ಡು ಲೆಕ್ಕಕ್ಕೆ ಸರಿಯಾಗಿ ಇತ್ತು.

"ಬೆಲೆ ಏರಿದೆಯಲ್ಲ ಅಣ್ಣ," ಎಂದರು ಅಂಗಡಿಯವರು, ನಿಜವಾದ ಬೇಸರದಿಂದ.

"ಹಡಗು ಬಿಡಿಸಿದ್ರಲ್ಲ ಸಾರ್!"

"ನಮ್ಮ ಫ್ರೇಮಿಗೂ ಹಡಗಿಗೂ ಸಂಬಂಧ ಇಲ್ಲ. ಹಿಂದಿನ ಬೀದಿಯಲ್ಲೇ ಮಾಡ್ತಾರೆ."

"ಮತ್ತೆ ಯಾಕೆ ಏರಿಸಿದ್ರಿ?"

ಅವರು ಅವನ ಭುಜ ತಟ್ಟಿದರು. "ಬೆಳಿಗ್ಗೆ ನಿಮ್ಮ ಅಂಗಡಿಗೆ ಕಾಫಿಗೆ ಬಂದಿದ್ದೆ ನೋಡಿ. ನೀವು ಅಷ್ಟು ಚೆನ್ನಾಗಿ ವಿವರಿಸೋ ತನಕ ಏರಿಸಬಹುದು ಅಂತ ನನಗೆ ತೋಚಿರಲೇ ಇಲ್ಲ."