ನಮ್ಮ ಚಿಮಣಿಯ ಪಕ್ಕ ಬಾಣಂತನ ನಡೆಸಿದ ಕಡಲಕ್ಕಿ ದಂಪತಿಗೆ

ಮೊಕ್ಕಾಂ: ನಮ್ಮ ಮನೆಯ ಸೂರು, ಚಿಮಣಿಯ ಬಿಸಿಲು ಮಗ್ಗುಲು, ಸಾಲ್ಟ್‌ಹೋವ್

ಮಾನ್ಯರೇ,

ತಮ್ಮ ಬಿಳಿಯ ಎದೆಗೂ ಹಳದಿ ಕೊಕ್ಕಿಗೂ, ಊರನ್ನೆಲ್ಲ ನಸುಕಿನಲ್ಲೇ ಎಬ್ಬಿಸುವ ತಮ್ಮ ಕಂಚಿನ ಕಂಠಕ್ಕೂ ನಮಸ್ಕರಿಸಿ, ಈಜುಕೊಳದ ಜೀವರಕ್ಷಕನಾಗಿ ದುಡಿದು ನಿವೃತ್ತನಾದ ಡೆರಿಕ್ ಪಿಕರ್ಸ್‌ಗಿಲ್ ಎಂಬ ನಾನು, ಅಂದರೆ ತಮ್ಮ ನಿವಾಸದ ಕೆಳಭಾಗದಲ್ಲಿ ತಮ್ಮ ಕೃಪೆಯಿಂದ ಬಾಳುತ್ತಿರುವವನು, ಬಿನ್ನವಿಸಿಕೊಳ್ಳುವುದೇನೆಂದರೆ:

ಕಳೆದ ವಸಂತದಲ್ಲಿ ನಾನು ಸೋಲಾರ್ ಫಲಕ ಹಾಕಿಸಲೆಂದು ಮನೆಯ ಸುತ್ತ ಕಬ್ಬಿಣದ ಸಾರುವೆ ಕಟ್ಟಿಸಿದೆ. ಫಲಕ ಕೂರಿಸಲು ಬಂದ ಟಾಂಸಿನ್ ಎಂಬ ಹೆಣ್ಣುಮಗಳು ಮೇಲೆ ಹತ್ತಿ, ಹತ್ತಿದ್ದಕ್ಕಿಂತ ಬೇಗ ಇಳಿದುಬಂದು, "ಸಾರ್, ಚಿಮಣಿ ಪಕ್ಕ ಮೊಟ್ಟೆ ಇಟ್ಟುಬಿಟ್ಟಿದೆ. ಮರಿ ಹಾರಿಹೋಗೋವರೆಗೂ ಗೂಡು ಮುಟ್ಟೋ ಹಾಗಿಲ್ಲ, ಕಾನೂನು" ಎಂದಳು. ಹೀಗೆ ನಾನು ಕಟ್ಟಿಸಿದ ಸಾರುವೆ ತಮ್ಮ ಬಾಣಂತನಕ್ಕೆ ಹಾಕಿದ ಚಪ್ಪರವಾಯಿತು. ಶುಭಕಾರ್ಯಕ್ಕೆ ಒದಗಿದೆನೆಂಬ ಧನ್ಯತೆಯಲ್ಲಿ ನಾನು ಹಲ್ಲು ಕಡಿದೆ.

ಗೂಡನ್ನು ಪೊರಕೆಯಿಂದ ಒಂದಿಷ್ಟು ಆಚೆ ಸರಿಸಿದರೆ ಯಾರಿಗೆ ಗೊತ್ತಾದೀತು ಎಂದು ನಾನು ಗೊಣಗಿದ್ದು ನಿಜ. ಆದರೆ ನನ್ನ ಹೆಂಡತಿ ಮ್ಯೂರಿಯಲ್, "ಅಲ್ರೀ, ಬಾಣಂತೀನ ಮನೆಯಿಂದ ಆಚೆ ಹಾಕ್ತಾರೇನ್ರೀ? ಕರೆಂಟೇ ಹೆಚ್ಚಾಯ್ತಾ ನಿಮ್ಗೆ?" ಎಂದು ಪೊರಕೆಯನ್ನು ಕಸಿದುಕೊಂಡಳು. ಅಂದಿನಿಂದ ಮನೆಯಲ್ಲಿ ತಮ್ಮ ಪಕ್ಷಕ್ಕೆ ಬಹುಮತ.

ಆಮೇಲೆ ಬಂದ ಬೇಸಿಗೆಯನ್ನು ಏನೆಂದು ವರ್ಣಿಸಲಿ? ಮೋಡವೇ ಮೂಲನಿವಾಸಿಯಾದ ನಮ್ಮೂರಿನಲ್ಲಿ ಈ ಸಲ ವಾರಗಟ್ಟಲೆ ಬಿಸಿಲು ಸುರಿಯಿತು. ಹಿಂದಿನ ವರ್ಷವೇ ಫಲಕ ಹಾಕಿಸಿದ್ದ ಪಕ್ಕದ ಮನೆಯ ಕ್ಲೈವ್ ಬೇಲಿಯ ಮೇಲಿಂದ ಕತ್ತು ಚಾಚಿ, "ಡೆರಿಕ್, ನಂದು ಬಿಸಿಲಲ್ಲೇ ಕಾಯಿಸಿದ ಟೀ ಕಣಯ್ಯಾ. ನಿಂದೇನು, ಹಕ್ಕಿ ಕಾವು ಕೊಟ್ಟು ಕಾಯಿಸುತ್ತಾ?" ಎಂದು ದಿನಕ್ಕೊಮ್ಮೆ ವಿಚಾರಿಸಿಕೊಳ್ಳುತ್ತಿದ್ದ. ಇತ್ತ ನಾನು ಕಸದ ಡಬ್ಬಿಯ ಬಳಿಗೆ ಹೋದರೂ ತಾವು ಆಕಾಶದಿಂದ ಎರಗಿ ನನ್ನ ಬೋಳುತಲೆಯನ್ನು ಪರಾಂಬರಿಸುತ್ತಿದ್ದಿರಿ; ತರಕಾರಿ ತೊಳೆಯುವ ತೂತಿನ ಬೋಗುಣಿಯನ್ನು ಕವುಚಿಕೊಳ್ಳದೆ ನಾನು ನನ್ನದೇ ಅಂಗಳಕ್ಕೆ ಇಳಿಯುವಂತಿರಲಿಲ್ಲ. ಇನ್ನು ಮುಂದೆ ತಾವು ದಯಮಾಡಿ ಸೂರ್ಯನಿಂದ ಯಾರಿಗೂ ಉಪಯೋಗವಿಲ್ಲದ ಡಿಸೆಂಬರಿನಲ್ಲಿ ಮೊಟ್ಟೆ ಇಡಬೇಕೆಂದೂ, ಅದಾಗದಿದ್ದರೆ ಬಿಡುವಿನ ವೇಳೆಯಲ್ಲಿ ರೆಕ್ಕೆ ಬಡಿದು ಒಂದು ಗಾಳಿಯಂತ್ರವನ್ನಾದರೂ ತಿರುಗಿಸಿಕೊಡಬೇಕೆಂದೂ ಕೋರುತ್ತೇನೆ.

ಜುಲೈ ತಿಂಗಳ ಒಂದು ಮಧ್ಯಾಹ್ನ ತಮ್ಮ ಕಿರಿಯ ಕುಡಿ ಹೆಂಚಿನ ಮೇಲಿಂದ ಜಾರಿ, ಸೂರಿನಂಚಿನ ಮಳೆನೀರಿನ ದೋಣಿಯಲ್ಲಿ ಸಿಕ್ಕಿಕೊಂಡು ಚೀರತೊಡಗಿತು. ತಾವು ದಂಪತಿಗಳು ಸುತ್ತ ಹಾರಾಡಿ ಬೊಬ್ಬೆ ಹೊಡೆದಿರೇ ಹೊರತು ಬೇರೇನೂ ಮಾಡಲಿಲ್ಲ. ಮ್ಯೂರಿಯಲ್ ಅಂಗಳದಲ್ಲಿ ನಿಂತು, "ಜೀವಮಾನವೆಲ್ಲ ಮುಳುಗೋರನ್ನ ಎತ್ತಿದೋರು ನೀವು. ನೋಡ್ತಾ ನಿಂತಿದ್ದೀರಲ್ರೀ!" ಎಂದು ಅತ್ತಳು. ನಾನು ಬೋಗುಣಿ ಕವುಚಿಕೊಂಡು ಸಾರುವೆ ಹತ್ತಿದೆ. ಮರಿಯನ್ನೆತ್ತಿ ಗೂಡಿಗೆ ಸೇರಿಸುವಷ್ಟರಲ್ಲಿ ತಾಯಿಯವರು ನನ್ನ ಕಿವಿಯನ್ನೂ ತಂದೆಯವರು ನನ್ನ ಅಂಗಿಯನ್ನೂ ತಮ್ಮ ತಮ್ಮ ರೀತಿಯಲ್ಲಿ ಸನ್ಮಾನಿಸಿದರು. ಕೆಳಗೆ ನೆರೆದಿದ್ದ ಬೀದಿಯೇ ಚಪ್ಪಾಳೆ ತಟ್ಟಿತು, ಕ್ಲೈವ್ ಕೂಡ. ಕೃತಜ್ಞತೆಯನ್ನು ಇಷ್ಟು ಮನಸಾರೆ, ಇಷ್ಟು ಬಿಸಿಬಿಸಿಯಾಗಿ ಯಾರೂ ನನ್ನ ಮೇಲೆ ಸುರಿಸಿರಲಿಲ್ಲ.

ಬೇಸಿಗೆಯ ಕೊನೆಗೆ ಮರಿಗಳು ಹಾರಿದವು, ತಾವೂ ಸೂರು ಬಿಟ್ಟು ದಂಡೆಗೆ ಹೊರಟಿರಿ. ಟಾಂಸಿನ್ ಮತ್ತೆ ಬಂದಳು. "ಬರೋ ವರ್ಷಾನೂ ಇಲ್ಲಿಗೇ ಬರ್ತಾವೆ ಸಾರ್. ಚಿಮಣಿ ಸುತ್ತ ಮುಳ್ಳುಪಟ್ಟಿ ಬಡಿದುಬಿಡ್ಲಾ?" ಎಂದಳು. ಇಡೀ ಬೇಸಿಗೆ ನಾನು ಕನಸು ಕಂಡದ್ದು ಇದನ್ನೇ. ಬಾಯಿ ತೆರೆದೆ. ಹೊರಬಂದ ಮಾತು ಮಾತ್ರ, "ಬೇಡಮ್ಮಾ. ಅಲ್ಲಿ ಎರಡು ಫಲಕ ಕಮ್ಮಿ ಹಾಕು" ಎಂದಿತ್ತು.

"ಕರೆಂಟ್ ಕಮ್ಮಿ ಬರುತ್ತೆ ಸಾರ್."

"ಬರ್ಲಿ ಬಿಡು."

ಸ್ವಿಚ್ಚು ಹಾಕಿದ ದಿನವೇ ಸಮುದ್ರದ ಕಡೆಯಿಂದ ಮಂಜು ಕವಿದು, ಒಂದು ವಾರ ನಮಗೆ ನಮ್ಮ ಗೇಟೇ ಕಾಣಲಿಲ್ಲ. ಮ್ಯೂರಿಯಲ್ ನನ್ನ ಕಿವಿಯ ಗಾಯದ ಕಲೆಗೆ ಮುಲಾಮು ಹಚ್ಚಿದಳು. ಚಿಮಣಿಯ ಪಕ್ಕ ಹಾಗೇ ಬಿಟ್ಟಿರುವ ಆ ಖಾಲಿ ಜಾಗವು ಕೇವಲ ತಾಂತ್ರಿಕ ಕಾರಣದ್ದೆಂದೂ, ಅದನ್ನು ಆಹ್ವಾನವೆಂದು ತಾವು ಖಂಡಿತ ಭಾವಿಸಬಾರದೆಂದೂ, ಏಪ್ರಿಲ್ ಹೊತ್ತಿಗೆ ಗುಡಿಸಿಡಲಾಗುವುದೆಂದೂ ಈ ಮೂಲಕ ತಿಳಿಯಪಡಿಸುತ್ತೇನೆ.

ಬೇರೆ ದಾರಿಯಿಲ್ಲದೆ,
ತಮ್ಮ ವಿಶ್ವಾಸಿ,
ಡೆರಿಕ್ ಪಿಕರ್ಸ್‌ಗಿಲ್

ತಾ.ಕ.: ತಮಗೆ ಓದಲು ಬಾರದೆಂದು ಊರವರು ಹೇಳುತ್ತಾರೆ, ನಾನು ನಂಬುವುದಿಲ್ಲ. 'ಕಡಲಕ್ಕಿಗಳಿಗೆ ತಿಂಡಿ ಹಾಕಬಾರದು' ಎಂದು ದಂಡೆಯಲ್ಲಿ ನೆಟ್ಟಿರುವ ಹಲಗೆಯ ಮೇಲೆಯೇ ಕೂತು, ನಿನ್ನೆ ತಾವು ನನ್ನ ಕರಿದ ಮೀನನ್ನು ಪೂರ್ತಿ ಮುಗಿಸಿದಿರಿ. ಓದು ಬಲ್ಲವರಿಗಲ್ಲದೆ ಕಾಯಿದೆಯನ್ನು ಇಷ್ಟು ಅಚ್ಚುಕಟ್ಟಾಗಿ ಮುರಿಯಲು ಬರುವುದಿಲ್ಲ.