ಕುರಿಗಾಹಿಯೂ ಸೆಕೆಂಡ್ ಅಡಲ್ಟೂ

ನನ್ನ ಚಿಕ್ಕಪ್ಪನ ಮುಂದೆ ಸಾಕ್ಷಾತ್ ಸೈತಾನನೇ ಬಂದು ನಿಂತರೂ ಅವನು ಮೊದಲು ಬೆಲ್ಟು ಬಿಚ್ಚಿ ಟ್ರೇಯಲ್ಲಿ ಇಡಬೇಕು. ಕೊಂಬಿನೊಳಗೆ ಏನಾದರೂ ಇದೆಯೇ ಎಂದು ತಪಾಸಣೆ ಆಗಬೇಕು. ಪ್ರಲೋಭನೆ ಇತ್ಯಾದಿ ಏನಿದ್ದರೂ ಆಮೇಲೆ! ಡಬ್ಲಿನ್ ವಿಮಾನ ನಿಲ್ದಾಣದ ಸೆಕ್ಯುರಿಟಿಯಲ್ಲಿ ಹದಿನೆಂಟು ವರ್ಷ ದುಡಿದವರು ಅವರು. ನಿವೃತ್ತರಾದ ಮೇಲೆ ನಿಲ್ದಾಣದ ಪಕ್ಕದ ಊರು ಸ್ವೋರ್ಡ್ಸ್‌ನಲ್ಲಿ ನಮ್ಮ ಜೊತೆಗೇ ಇದ್ದಾರೆ. ಮದುವೆಯಾಗಿಲ್ಲ. ಯಾಕೆಂದು ಕೇಳಿದರೆ ಶಿಫ್ಟ್ ಡ್ಯೂಟಿ ಎನ್ನುತ್ತಾರೆ.

ನಮ್ಮ ಚರ್ಚಿನಿಂದ ಪ್ರತಿ ಜುಲೈನಲ್ಲಿ ಒಂದು ತಂಡ ಪಶ್ಚಿಮದ ಕಡಲತೀರದ ಹಳ್ಳಿಯೊಂದಕ್ಕೆ ಮಿಷನ್ ಟ್ರಿಪ್ ಹೋಗುತ್ತದೆ. ಒಂದು ವಾರ ಅಲ್ಲಿನ ಮಕ್ಕಳಿಗೆ ಹಾಡು, ಆಟ, ಬೈಬಲ್ ಕಥೆ. ಹೋದ ವರ್ಷ ಚಿಕ್ಕಪ್ಪನೂ ಹೋಗಿದ್ದರು. ಅವರ ಅನುಭವವನ್ನು ಗೌರವಿಸಿ ಲಗೇಜಿನ ಉಸ್ತುವಾರಿ ಕೊಟ್ಟಿದ್ದರು. ವ್ಯಾನಿನ ಪಕ್ಕ ನಿಂತು ಏಳು ದಿನ ಮಕ್ಕಳ ಹಾಡನ್ನು ಕಿಟಕಿಯಿಂದ ಕೇಳಿ ಬಂದರು. ಈ ವರ್ಷ ನನ್ನನ್ನು ಕೂರಿಸಿ ಹೇಳಿದರು: "ಬ್ಯಾಗ್ ನೋಡಿದ್ದು ಸಾಕಾಯ್ತು ಕಣೋ. ಈ ಸಲ ಮಕ್ಕಳನ್ನ ನೋಡ್ಕೋತೀನಿ."

ಸುಮ್ಮನೆ ಆಗುತ್ತದೆಯೇ? ಅದಕ್ಕೆ ಐದು ಶನಿವಾರ ಟ್ರೇನಿಂಗ್, ಐದನೆಯದು ಪರೀಕ್ಷೆ. ಪಾಸಾದರೆ ಮಕ್ಕಳು, ಇಲ್ಲದಿದ್ದರೆ ಮತ್ತೆ ಬ್ಯಾಗು. ಕಾರು ಓಡಿಸುವವನು ನಾನಾದ್ದರಿಂದ ಚರ್ಚಿನ ಹಾಲ್‌ನಲ್ಲಿ ಹಿಂದಿನ ಕುರ್ಚಿ ಹಿಡಿದು ಬಿಸ್ಕತ್ತು ತಿನ್ನುವ ಭಾಗ್ಯ ನನ್ನದಾಯಿತು.

ಮೊದಲ ಶನಿವಾರದ ಪಾಠ ಮಕ್ಕಳ ಸುರಕ್ಷತೆ. ಯಾವ ದೊಡ್ಡವರೂ ಮಗುವಿನ ಜೊತೆ ಒಬ್ಬರೇ ಇರಕೂಡದು, ಇನ್ನೊಬ್ಬರು, ಅಂದರೆ ‘ಸೆಕೆಂಡ್ ಅಡಲ್ಟ್’, ಇರಲೇಬೇಕು, ಬಾಗಿಲು ತೆರೆದಿರಬೇಕು. ತರಬೇತಿ ಕೊಡುವ ಐರಿಶ್ ಮೇಡಂ, ಒಂದು ಕಾಲದ ಶಾಲಾ ಟೀಚರು, ಇದನ್ನು ಹೇಳುತ್ತಿದ್ದಂತೆ ಚಿಕ್ಕಪ್ಪನ ಮುಖ ಅರಳಿತು. ನಿವೃತ್ತಿಯಾದಾಗಿನಿಂದ ಅವರಿಗೆ ಇಷ್ಟು ಒಳ್ಳೆಯ ನಿಯಮ ಸಿಕ್ಕಿರಲಿಲ್ಲ! ನಿಯಮ ಅವತ್ತೇ ನಮ್ಮ ಮನೆಗೂ ಬಂತು. ಸೋಮವಾರ ನಾನು ಮಹಡಿಯ ಮೇಲೆ ಲೆಪರ್ಡ್ಸ್‌ಟೌನ್ ಆಫೀಸಿನ ಆನ್‌ಲೈನ್ ಮೀಟಿಂಗ್‌ನಲ್ಲಿದ್ದೆ. ಕೆಳಗಿನಿಂದ ಕರೆ ಬಂತು: "ಸೆಕೆಂಡ್ ಅಡಲ್ಟ್ ಎಲ್ಲಿ?" ನನ್ನ ಎಂಟು ವರ್ಷದ ಮಗಳಿಗೆ ಟೋಸ್ಟ್ ಮಾಡಿಕೊಡಬೇಕಿತ್ತು, ಸಾಕ್ಷಿಗೆ ನಾನು ಬೇಕಿತ್ತು. ಇಳಿದು ಬಂದರೆ ಮುಂಬಾಗಿಲು, ಹಿಂಬಾಗಿಲು ಎರಡೂ ಹಾರುಹೊಡೆದಿವೆ. ಮಗಳು ಕೋಟು, ಟೊಪ್ಪಿ ಹಾಕಿಕೊಂಡು ತಿಂಡಿಗೆ ಕೂತಿದ್ದಾಳೆ. ಚಳಿಯಾಗುತ್ತಿದೆಯೇನೇ ಎಂದರೆ "ಐ ಆಮ್ ಗ್ರ್ಯಾಂಡ್" ಎಂದಳು, ಅಂದರೆ ಏನೂ ತೊಂದರೆಯಿಲ್ಲ ಎಂದು. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಐರಿಶ್ ರಾಗದ ಇಂಗ್ಲಿಷಿನಲ್ಲಿ.

ಎರಡನೆಯ ಶನಿವಾರ, ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿದು ಮಾತಾಡಬೇಕು ಎಂಬ ಪಾಠ. ಚಿಕ್ಕಪ್ಪ ಇಳಿದರು. ಮೇಲೆ ಏಳುವ ಬಗ್ಗೆ ಮಂಡಿಗಳಿಗೆ ಬೇರೆಯೇ ಅಭಿಪ್ರಾಯವಿತ್ತು. ಜೊತೆಯ ಇಬ್ಬರು ಕಂಕುಳಿಗೆ ಕೈಕೊಟ್ಟು ಎತ್ತಿದರು. ಅವರು ಕೋಟು ಸರಿಪಡಿಸಿಕೊಂಡು, ಇಳಿಯುವುದನ್ನು ಕಲಿಸಿದ ಹಾಗೆ ಏಳುವುದನ್ನೂ ಕಲಿಸಬೇಕು ಎಂದು ಮೇಡಂಗೆ ಸಲಹೆ ಕೊಟ್ಟರು.

ಮೂರನೆಯ ಶನಿವಾರ ಮಾತ್ರ ಚಿಕ್ಕಪ್ಪನ ಮುಖ ಅರಳಲಿಲ್ಲ. ಅವತ್ತಿನ ನಿಯಮ, ಮಕ್ಕಳನ್ನು ಮುಟ್ಟಕೂಡದು. ಮಗುವೇ ತಾನಾಗಿ ಹತ್ತಿರ ಬಂದರೆ, ಎಲ್ಲರ ಎದುರಿಗೆ, ಆಗ ಸರಿ. ಚಿಕ್ಕಪ್ಪ ಕೈ ಎತ್ತಿದರು. ನಮ್ಮ ಉಡುಪಿ ಕಡೆಯ ಕಥೋಲಿಕ ಮನೆಗಳಲ್ಲಿ ಸಂಜೆ ಜಪಸರದ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಹಿರಿಯರ ಮುಂದೆ ಕೈಮುಗಿದು ಆಶೀರ್ವಾದ ಕೇಳುತ್ತಾರೆ, ಹಿರಿಯರು ತಲೆಯ ಮೇಲೆ ಕೈ ಇಡುತ್ತಾರೆ, ತಲೆ ಮುಟ್ಟದೆ ಆಶೀರ್ವಾದ ಮಾಡುವುದು ಹೇಗೆ ಎಂದು ಕೇಳಿದರು. ಮೇಡಂ ಯೋಚಿಸಿ, ಕೈಯನ್ನು ತಲೆಯಿಂದ ಸ್ವಲ್ಪ ಮೇಲೆ ಹಿಡಿದರಾಯಿತು ಎಂದರು. ಎಷ್ಟು ಮೇಲೆ ಎಂದು ಇವರು. ಕೊನೆಗೆ ಒಂದು ಗೇಣಿಗೆ ಒಪ್ಪಂದವಾಯಿತು. ಮನೆಯಲ್ಲಿ ಹೂಕೋಸಿನ ಮೇಲೆ ಅಭ್ಯಾಸ ನಡೆಯಿತು.

ನಾಲ್ಕನೆಯ ಶನಿವಾರ ಕಥೆ ಹೇಳುವ ಪಾಠ. ಐದನೆಯದು ಪರೀಕ್ಷೆ, ಒಬ್ಬೊಬ್ಬರಿಗೇ ಬೇರೆಯಾಗಿ. ಚಿಕ್ಕಪ್ಪನ ಸರದಿಯಲ್ಲಿ ಹಾಲ್‌ನಲ್ಲಿ ಮೇಡಂ, ನಾನು, ಮತ್ತೆ ನನ್ನ ಮಗಳೂ ಸೇರಿ ಹನ್ನೆರಡು ಮಕ್ಕಳು. ಕಥೆ, ಕಳೆದುಹೋದ ಕುರಿಯದು. ಚಿಕ್ಕಪ್ಪ ನಮ್ಮ ಅಡುಗೆಮನೆಯ ಪ್ಲಾಸ್ಟಿಕ್ ಟಬ್ಬುಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು. ಮಕ್ಕಳೇ ಕುರಿಗಳು, ಅವರೇ ಕುರಿಗಾಹಿ. ಕುರಿಗಳು ಶೂ ಬಿಚ್ಚಿ ಟಬ್ಬಿಗೆ ಹಾಕಿ, ಎರಡು ಕುರ್ಚಿಗಳ ನಡುವಿನ ಗೇಟಿನಿಂದ ಒಂದೊಂದಾಗಿ ಹಟ್ಟಿ ಸೇರಬೇಕು. ಎಣಿಸಿದರೆ ಹನ್ನೊಂದೇ! ಹನ್ನೆರಡನೆಯ ಕುರಿ, ಮೊದಲೇ ಮಾತಾಡಿಕೊಂಡಂತೆ, ಕೋಟುಗಳ ಕೋಣೆಯಲ್ಲಿ ಅಡಗಿತ್ತು. ಅದು ನನ್ನ ಮಗಳು.

ಬೈಬಲಿನ ಪ್ರಕಾರ ಕುರಿಗಾಹಿ ಈಗ ಉಳಿದವನ್ನು ಬಿಟ್ಟು ಅದೊಂದನ್ನು ಹುಡುಕಿಕೊಂಡು ಹೊರಡಬೇಕು. ಚಿಕ್ಕಪ್ಪ ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟರು. ಒಬ್ಬರೇ ಹೋದರೆ ಅಲ್ಲಿ ಮಗುವಿನ ಜೊತೆ ಒಬ್ಬರೇ ಆಗುತ್ತಾರೆ. ನನ್ನನ್ನು ಕರೆದುಕೊಂಡು ಹೋದರೆ ಇಲ್ಲಿ ಹನ್ನೊಂದು ಮಕ್ಕಳ ಜೊತೆ ಮೇಡಂ ಒಬ್ಬರೇ! ಎಲ್ಲರೂ ಕಾದರು. ಮೇಡಂ ಪೆನ್ನು ಕೆಳಗಿಟ್ಟರು. ಆಯಿತು, ಮತ್ತೆ ಬ್ಯಾಗೇ ಗತಿ ಎಂದುಕೊಂಡೆ.

ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಮಕ್ಕಳಿಗೆ ಹೇಳಿದ್ದಿಷ್ಟು: ಆ ಕಾಲದ ಕುರಿಗಾಹಿಗೆ ಟ್ರೇನಿಂಗ್ ಆಗಿರಲಿಲ್ಲ, ನಮಗಾಗಿದೆ, ಯಾರನ್ನೂ ಬಿಟ್ಟು ಹೋಗುವುದು ಬೇಡ, ಎಲ್ಲರೂ ಸೇರಿ ಹುಡುಕೋಣ. ಹನ್ನೊಂದು ಕುರಿಗಳು ಕಾಲುಚೀಲದಲ್ಲೇ ಬ್ಯಾ ಬ್ಯಾ ಎನ್ನುತ್ತ ಅವರ ಹಿಂದೆ ಹೊರಟವು. ಅವುಗಳ ಹಿಂದೆ ಮೇಡಂ, ಮೇಡಂ ಹಿಂದೆ ಬಿಸ್ಕತ್ತು ಹಿಡಿದ ನಾನು. ಕೋಟುಗಳ ನಡುವೆ ಮಗಳು ಸಿಕ್ಕಾಗ ಎದ್ದ ಗದ್ದಲಕ್ಕೆ ಪಕ್ಕದ ಕೋಣೆಯಲ್ಲಿದ್ದ ಪಾದ್ರಿಗಳು ಓಡಿ ಬಂದರು. ಮೇಡಂ ಕಣ್ಣೊರೆಸಿಕೊಂಡು ನಗುತ್ತ, ಇಷ್ಟು ವರ್ಷ ಈ ಕಥೆ ಹೇಳಿದ್ದೇನೆ, ಉಳಿದ ಕುರಿಗಳನ್ನು ಯಾರು ನೋಡಿಕೊಂಡರು ಎಂದು ನನಗೂ ಹೊಳೆದಿರಲಿಲ್ಲ ಎಂದರು. ಜುಲೈ ಪಟ್ಟಿಯಲ್ಲಿ ಚಿಕ್ಕಪ್ಪನ ಹೆಸರು ‘ಮಕ್ಕಳು’ ಎಂಬ ತಲೆಬರಹದ ಕೆಳಗೆ ಬಂತು.

ಹೊರಡುವಾಗ ಆಶೀರ್ವಾದ. ಬಂದ ಒಂದೊಂದು ತಲೆಯಿಂದಲೂ ಒಂದು ಗೇಣು ಮೇಲೆ ಚಿಕ್ಕಪ್ಪನ ಕೈ ನಿಂತಿತು. ಕೊನೆಗೆ ನನ್ನ ಮಗಳು. ಅವಳು ಆ ಕೈಯನ್ನೊಮ್ಮೆ ನೋಡಿದಳು, ತುದಿಗಾಲಲ್ಲಿ ನಿಂತು ತಲೆಯನ್ನು ಅದಕ್ಕೆ ತಾಗಿಸಿದಳು. ಚಿಕ್ಕಪ್ಪ ಗಾಬರಿಯಾಗಿ ನನ್ನ ಕಡೆ ತಿರುಗಿದರು. "ನೋಡಿದ್ಯಲ್ಲ? ಅವಳೇ ಬಂದ್ಲು."

"ನೋಡಿದೆ ಚಿಕ್ಕಪ್ಪ" ಎಂದೆ.

ಕಾರಿನ ಹತ್ತಿರ ಬಂದಾಗ ನನಗೆ ನಾಚಿಕೆಯಾಯಿತು. ಈ ದೇಶಕ್ಕೆ ಬಂದಮೇಲೆ ನಾನು ಒಮ್ಮೆಯೂ ಅವರ ಆಶೀರ್ವಾದ ಕೇಳಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ನನಗಿದ್ದ ಹಿರಿಯರು ಅವರೊಬ್ಬರೇ. ಕೀಲಿಯನ್ನು ಜೇಬಿಗೆ ಹಾಕಿ, ಪಾರ್ಕಿಂಗ್ ಜಾಗದಲ್ಲೇ ಕೈಮುಗಿದು ಬೋಳುತಲೆ ಬಾಗಿಸಿದೆ. ಅಭ್ಯಾಸಬಲದಿಂದ ಅವರ ಕೈ ಒಂದು ಗೇಣು ಮೇಲೇ ನಿಂತಿತು. ನಾನು ಕಾದೆ.

"ನಿಂಗೆ ನಲವತ್ತಾರು ಅಲ್ವೇನೋ," ಎಂದರು ಮೆಲ್ಲಗೆ, "ನಿಂಗೆ ಈ ರೂಲ್ ಇಲ್ಲ."

ಕೈ ಇಳಿಯಿತು. ಬೆಚ್ಚಗಿತ್ತು. ತುಂಬ ಹೊತ್ತು ಅಲ್ಲೇ ಇತ್ತು.